ಸಿಐಡಿ 999ರ ಪಿಸ್ತೂಲು, ನಮ್ಮೂರಿನ ತಲವಾರು

ನಿಡಸೋಸಿಯಿಂದ ಮಾತಾಡ್ತಿದೀನಿ. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ರೆ ಬೇಜಾರ ಮಾಡ್ಕೋಬ್ಯಾಡ್ರಿ. ಕಬ್ಬಿನ ಸೀಸನ್ನು, ರಾತ್ರಿ ಹನ್ನೊಂದಾದರೂ ಸಂಕೇಶ್ವರದ ಕಡೆ ಗಾಡಿ ಹೋಗ್ತಾನೇ ಇರ್ತಾವೆ.

ಹಿಂದಿನ ಸಂಚಿಕೆ ಆದ್ಮೇಲೆ ಒಬ್ಬ ಕೇಳುಗರು ಮೆಸೇಜ್ ಹಾಕಿದ್ರು. "ಜಿಎಸ್‌ಟಿ, ಸಾಲ, ಬಡ್ಡಿ ಸಾಕು ಮಾರಾಯ, ಜೇಮ್ಸ್ ಬಾಂಡ್ ಪಿಸ್ತೂಲಿನ ಬಗ್ಗೆ ಏನಾದ್ರೂ ಹೇಳು" ಅಂತ. ನನಗೂ ಹುರುಪು ಬಂತು. ಸಿನಿಮಾದ ಗೂಢಚಾರರು ಜೇಬಲ್ಲಿ, ಬೂಟಲ್ಲಿ, ಪೆಟ್ಟಿಗೆಯಲ್ಲಿ ಏನೇನು ಇಟ್ಕೋತಾರೆ ಅಂತ ಓದೋಕೆ ಕೂತೆ. ಆದರೆ ತಯಾರಿ ಅರ್ಧ ಆಗೋದರೊಳಗೆ ನಮ್ಮ ಮನೆಯಲ್ಲೇ ಒಂದು ಪ್ರಕರಣ ಆಯ್ತು. ಹಾಗಾಗಿ ಈ ಸಂಚಿಕೆ ಶುರುವಾದ ದಾರಿಯಲ್ಲೇ ಮುಗಿಯೋದಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನಮ್ಮ ದೊಡ್ಡಪ್ಪನ ಮಾತು. ಕನ್ನಡದಲ್ಲಿ ಬಾಂಡ್ ಅಂದ್ರೆ ಡಾ. ರಾಜ್‌ಕುಮಾರ್. 1968ರಲ್ಲಿ 'ಜೇಡರ ಬಲೆ' ಬಂತು, ದೊರೈ-ಭಗವಾನ್ ನಿರ್ದೇಶನ. ಕೀಳು ಲೋಹವನ್ನ ಚಿನ್ನ ಮಾಡೋ ಸೂತ್ರ ಕಂಡುಹಿಡಿದ ವಿಜ್ಞಾನಿ, ಅವನ ಹಿಂದೆ ಬಿದ್ದ ಖಳರು, ಅವರ ಹಿಂದೆ ಸೂಟು ಹಾಕ್ಕೊಂಡ ಸಿಐಡಿ 999 ಪ್ರಕಾಶ್. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಹತ್ತು ವರ್ಷದ ನಂತರ 1978ರಲ್ಲಿ ನೇಪಾಳದಲ್ಲಿ ಚಿತ್ರೀಕರಿಸಿದ 'ಆಪರೇಷನ್ ಡೈಮಂಡ್ ರಾಕೆಟ್'. ಅಣ್ಣಾವ್ರು ಇಂಗ್ಲಿಷ್ ಹಾಡು ಹಾಡಿದ್ದು ಇದರಲ್ಲೇ, ಎಲ್ಲರ ಮೊಬೈಲಲ್ಲೂ ಒಮ್ಮೆಯಾದರೂ ಬಂದು ಹೋಗಿರುತ್ತೆ.

ದೊಡ್ಡಪ್ಪ 'ಜೇಡರ ಬಲೆ' ನೋಡಿದಾಗ ಹತ್ತೋ ಹನ್ನೊಂದೋ ವರ್ಷದವರು. ಅವರನ್ನ ಕೂರಿಸಿ ಕೇಳಿದೆ, "ಪಿಸ್ತೂಲು ನೆನಪೈತೇನ್ರಿ ದೊಡ್ಡಪ್ಪಾ?" ಅಂತ. ಅವರು ಹೇಳಿದ್ದು ಹಿಂಗೆ: "ಆಗ ಪಿಸ್ತೂಲ ನೋಡಾಕ ಸಿನಿಮಾಕ್ಕ ಹೋಗಬೇಕಿತ್ತಪಾ. ಊರಾಗ ಯಾರ ಕಡೆ ಇತ್ತು? ನಾವು ಜ್ವಾಳದ ದಂಟಿಂದು ಮಾಡಿ ಅಂಗಿ ಒಳಗ ಮುಚ್ಚಿ ಇಟ್ಕೊಂಡು ಅಡ್ಡಾಡ್ತಿದ್ವಿ. ಹೊರಗ ಕಾಣಿಸ್ತಂದ್ರ ಆಟದಾಗ ಔಟ್. ಕಾಣಿಸಿದ್ರ ಅವ ಎಂಥಾ ಸಿಐಡಿ?"

ಈ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಕಾಣಿಸಿದ್ರೆ ಔಟ್.

ಬಾಂಡ್ ಕಥೆಯಲ್ಲೂ ಜಗಳ ಇದರ ಸುತ್ತಲೇ. ಇಯಾನ್ ಫ್ಲೆಮಿಂಗ್ ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1953ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದ ಮನುಷ್ಯ. ಆದರೂ ಬಾಂಡ್‌ಗೆ ಕೊಟ್ಟದ್ದು .25 ಬೋರಿನ ಪುಟ್ಟ ಬೆರೆಟ್ಟಾ. 1956ರಲ್ಲಿ ಜೆಫ್ರಿ ಬೂತ್ರಾಯ್ಡ್ ಅನ್ನೋ ಬಂದೂಕು ಪರಿಣತ ಓದುಗ ಅವರಿಗೆ ಪತ್ರ ಬರೆದ. ಇದು ಹೆಂಗಸರ ಪಿಸ್ತೂಲು, ನಿಮ್ಮ ನಾಯಕನಿಗೆ ಸರಿಹೋಗಲ್ಲ ಅನ್ನೋ ಧಾಟಿಯಲ್ಲಿ. ಈಗಿನ ಕಾಲ ಆಗಿದ್ರೆ ಲೇಖಕರು ಅವನನ್ನ ಬ್ಲಾಕ್ ಮಾಡ್ತಿದ್ರು. ಫ್ಲೆಮಿಂಗ್ ಹಾಗೆ ಮಾಡಲಿಲ್ಲ. 1958ರ 'ಡಾ. ನೋ' ಕಾದಂಬರಿಯಲ್ಲಿ ಬಾಂಡ್ ಕೈಯಿಂದ ಬೆರೆಟ್ಟಾ ಕಿತ್ತುಕೊಂಡು ವಾಲ್ಟರ್ ಪಿಪಿಕೆ ಕೊಡಿಸಿದರು, ಕೊಡಿಸೋ ಅಧಿಕಾರಿಗೆ ಅದೇ ಓದುಗನ ಹೆಸರಿಟ್ಟರು. ಮೇಜರ್ ಬೂತ್ರಾಯ್ಡ್. ನಾವೆಲ್ಲ ಕ್ಯೂ ಅಂತ ಕರೆಯೋದು ಅವನನ್ನೇ.

1962ರಲ್ಲಿ ಇದೇ ದೃಶ್ಯ ಪರದೆ ಮೇಲೆ ಬಂತು. ತಮಾಷೆ ಏನಂದ್ರೆ, ಬಾಯಲ್ಲಿ ಪಿಪಿಕೆ ಅಂತ ಹೇಳ್ತಾರೆ, ಕೈಗೆ ಕೊಡೋದು ಅದರ ಅಣ್ಣ, ಸ್ವಲ್ಪ ದೊಡ್ಡದಾದ ವಾಲ್ಟರ್ ಪಿಪಿ. ಅದಕ್ಕಿಂತ ದೊಡ್ಡ ತಮಾಷೆ ಮುಂದಿನ ಸಿನಿಮಾದ್ದು. 'ಫ್ರಮ್ ರಷ್ಯಾ ವಿತ್ ಲವ್' ಪ್ರಚಾರದ ಫೋಟೋ ತೆಗೆಯೋ ದಿನ ಪಿಪಿಕೆ ತರೋದನ್ನೇ ಮರೆತುಬಿಟ್ಟರಂತೆ. ಫೋಟೋಗ್ರಾಫರ್ ಡೇವಿಡ್ ಹರ್ನ್ ಹತ್ತಿರ ವಾಲ್ಟರ್ ಕಂಪನಿಯದೇ ಒಂದು ಏರ್ ಪಿಸ್ತೂಲು ಇತ್ತು, ಎಲ್‌ಪಿ-53 ಅಂತ. ಅದನ್ನೇ ಶಾನ್ ಕಾನರಿ ಕೈಗೆ ಕೊಟ್ಟರು. ಕೆನ್ನೆ ಹತ್ತಿರ ಉದ್ದ ನಳಿಕೆಯ ಪಿಸ್ತೂಲು ಹಿಡಿದು ನಿಂತ ಆ ಪೋಸ್ ಜಗತ್ತಿಗೆಲ್ಲ ಗೊತ್ತು. ಅದು ಜಾತ್ರೆಯಲ್ಲಿ ಪುಗ್ಗಾ ಹೊಡೆಯೋ ಬಂದೂಕಿನ ಸಂಬಂಧಿಕ! 2010ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದೇ ಏರ್ ಪಿಸ್ತೂಲು 2 ಲಕ್ಷ 77 ಸಾವಿರ ಪೌಂಡಿಗೂ ಮೇಲೆ ಹೋಯ್ತು. ಬಿ.ಕಾಂ. ಓದಿದವನಿಗೆ ಡಿಪ್ರಿಸಿಯೇಷನ್ ಅನ್ನೋ ಪದದ ಮೇಲೆ ನಂಬಿಕೆ ಹೋಗೋದು ಇಂಥಾದ್ದಕ್ಕೇ.

ಇನ್ನು ನಿಜವಾದ ಪಿಪಿಕೆ. 1930ರ ದಶಕದ ಆರಂಭದ ಜರ್ಮನ್ ಪಿಸ್ತೂಲು, ತೂಕ ಸುಮಾರು 600 ಗ್ರಾಂ, ಕೋಟಿನ ಒಳಗೆ ಉಬ್ಬು ಕಾಣಲ್ಲ. ಬಾಂಡ್‌ದು 7.65 ಮಿಲಿಮೀಟರ್, ಅಂದ್ರೆ .32 ಬೋರು. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ಲೈಸೆನ್ಸ್ ಮೇಲೆ ಸಿಗೋ ಬೋರು ಕೂಡ .32, ಕಾನ್ಪುರದ ಸರ್ಕಾರಿ ಕಾರ್ಖಾನೆ ಆ ಬೋರಿನ ರಿವಾಲ್ವರ್ ಮಾಡುತ್ತೆ. ಪೊಲೀಸರ 9 ಎಂಎಂ ನಮಗೆ ನಿಷಿದ್ಧ. ಅಂದರೆ ಬಾಂಡ್‌ನ ಪಿಸ್ತೂಲು ಕಾಗದದ ಮೇಲೆ ಅಂಥ ಭಯಂಕರದ್ದೇನಲ್ಲ. ಅದರ ಗುಣ ಒಂದೇ, ಇದೆ ಅಂತ ಗೊತ್ತಾಗಲ್ಲ.

ಚಾಕುವಿನ ಕಥೆಯೂ ಹಂಗೇ. ಅದೇ 'ಫ್ರಮ್ ರಷ್ಯಾ ವಿತ್ ಲವ್'ನಲ್ಲಿ ಬಾಂಡ್‌ಗೆ ಒಂದು ಕಪ್ಪು ಬ್ರೀಫ್‌ಕೇಸ್ ಕೊಡ್ತಾರೆ, ಅದರ ಅಂಚಿನಲ್ಲಿ ಎಸೆಯೋ ಚಾಕು. ಎದುರಾಳಿ ರೋಸಾ ಕ್ಲೆಬ್ ಅನ್ನೋ ಹೆಂಗಸಿನ ಬೂಟಿನ ತುದಿಯಿಂದ ವಿಷ ಹಚ್ಚಿದ ಅಲಗು ಹೊರಬರುತ್ತೆ. ಇದು ಸಿನಿಮಾದವರ ಕಲ್ಪನೆ ಅಂತ ನಾನು ಅಂದ್ಕೊಂಡಿದ್ದೆ. ಪೂರ್ತಿ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಸ್‌ಒಇ ಅನ್ನೋ ಗುಪ್ತ ಸಂಸ್ಥೆ ತನ್ನ ಏಜೆಂಟರಿಗೆ ಕೋಟಿನ ಕಾಲರ್ ಹಿಂದೆ ಅಡಗಿಸೋ ಕಿರುಗತ್ತಿ, ತೋಳೊಳಗೆ ಕಟ್ಟಿಕೊಳ್ಳೋ ಸಣ್ಣ ಕಠಾರಿ ನಿಜವಾಗಿಯೂ ಕೊಟ್ಟಿತ್ತು. ಕೆಲವು ಹೆಬ್ಬೆರಳಿನಷ್ಟೇ ಉದ್ದ.

ಆ ಕಾಲದ ದೊಡ್ಡ ಹೆಸರು ಫೇರ್‌ಬೇರ್ನ್-ಸೈಕ್ಸ್ ಕಠಾರಿ. ಶಾಂಘೈನಲ್ಲಿ ಪೊಲೀಸ್ ಕೆಲಸ ಮಾಡಿ ಬಂದ ಇಬ್ಬರು ವಿನ್ಯಾಸ ಮಾಡಿದ್ದು, ವಿಲ್ಕಿನ್ಸನ್ ಕಂಪನಿ 1941ರಿಂದ ತಯಾರಿಸಿದ್ದು. ನಮ್ಮಪ್ಪಂದಿರು ದಾಡಿ ಮಾಡ್ಕೊಳ್ತಿದ್ದ ಬ್ಲೇಡಿನ ಮೇಲೆ ಇರ್ತಿತ್ತಲ್ಲ, ಅದೇ ಹೆಸರು. ಕಮಾಂಡೋ ಅಂದ ಕೂಡಲೇ ಕಣ್ಣಿಗೆ ಬರೋ ಚೂಪು ಕಠಾರಿಯ ಚಿತ್ರ ಇದರದ್ದೇ. ಅಲಗು ಸುಮಾರು 7 ಇಂಚು, ಅಷ್ಟೇ. ಈ ಅಳತೆ ಸ್ವಲ್ಪ ನೆನಪಿಟ್ಕೊಳ್ಳಿ.

ನಮ್ಮ ಬೆಳಗಾವಿಯಲ್ಲೇ ಸೇನೆಯ ಕಮಾಂಡೋ ತರಬೇತಿ ನಡೆಯುತ್ತೆ. ಪ್ಯಾರಾ ಸ್ಪೆಷಲ್ ಫೋರ್ಸಸ್ ಯೋಧರ ಬಲಿದಾನ್ ಬ್ಯಾಡ್ಜ್‌ನಲ್ಲೂ ಒಂದು ಕಠಾರಿ ಇದೆ, ತುದಿ ಕೆಳಗೆ ಮಾಡಿದ್ದು. 2019ರ ವಿಶ್ವಕಪ್‌ನಲ್ಲಿ ಧೋನಿ ಗ್ಲೌಸ್ ಮೇಲೆ ಕಂಡು ಗದ್ದಲ ಆಯ್ತಲ್ಲ, ಅದೇ ಗುರುತು. ನಮ್ಮ ಕಡೆ ಭರ್ತಿಗೆ ಓಡೋ ಹುಡುಗರ ಮೊಬೈಲ್ ವಾಲ್‌ಪೇಪರ್ ನೋಡಿ, ನಾಲ್ಕರಲ್ಲಿ ಒಂದು ಅದೇ ಇರುತ್ತೆ.

ಸಿನಿಮಾ ಬಿಟ್ಟು ನಿಜವಾದ ಗೂಢಚಾರರ ಕಡೆ ಒಂದು ನಿಮಿಷ ಬರೋಣ. 'ಜೇಡರ ಬಲೆ' ಬಂದ ಅದೇ 1968ರ ಸೆಪ್ಟೆಂಬರ್ 21ರಂದು ನಮ್ಮ ದೇಶದ ಹೊರ ಗುಪ್ತಚರ ಸಂಸ್ಥೆ 'ರಾ' ಶುರುವಾಯ್ತು, ಮೊದಲ ಮುಖ್ಯಸ್ಥ ಆರ್.ಎನ್. ಕಾವ್. ಫೋಟೋ ತೆಗೆಸ್ಕೊಳ್ಳೋಕೂ ಹಿಂಜರಿಯುತ್ತಿದ್ದ ಮನುಷ್ಯ ಅಂತ ಅವರ ಖ್ಯಾತಿ. ಇಂಥ ಕೆಲಸದಲ್ಲಿ ಪಿಸ್ತೂಲು ಇಟ್ಕೊಂಡು ಸಿಕ್ಕಿಬಿದ್ರೆ ಅದೇ ಸಾಕ್ಷಿ. ನೆನಪಿನ ಶಕ್ತಿ, ಭಾಷೆ, ಸುಳ್ಳು ಹೆಸರಿನ ಕಾಗದಪತ್ರ, ಇವೇ ಆಯುಧ. ಹತ್ತು ವರ್ಷ ಮುಂದೆ ಬನ್ನಿ, 'ಆಪರೇಷನ್ ಡೈಮಂಡ್ ರಾಕೆಟ್' ಬಂದ 1978ರ ಸೆಪ್ಟೆಂಬರ್. ಲಂಡನ್ನಿನ ವಾಟರ್ಲೂ ಸೇತುವೆ ಹತ್ತಿರ ಬಸ್ಸಿಗೆ ಕಾಯ್ತಿದ್ದ ಬಲ್ಗೇರಿಯಾದ ಲೇಖಕ ಗೊರ್ಗಿ ಮಾರ್ಕೊವ್ ತೊಡೆಗೆ ಏನೋ ಚುಚ್ಚಿದಂಗಾಯ್ತು. ತಿರುಗಿ ನೋಡಿದ್ರೆ ಒಬ್ಬ ಬಿದ್ದ ಛತ್ರಿ ಎತ್ಕೊಳ್ತಿದ್ದ. ನಾಲ್ಕು ದಿನಕ್ಕೆ ಮಾರ್ಕೊವ್ ತೀರಿಕೊಂಡ. ತೊಡೆಯಲ್ಲಿ ಸಿಕ್ಕಿದ್ದು 2 ಮಿಲಿಮೀಟರಿಗಿಂತ ಚಿಕ್ಕ ಗುಂಡು, ಅದರೊಳಗೆ ಹರಳು ಬೀಜದಿಂದ ತೆಗೆಯೋ ರೈಸಿನ್ ವಿಷ ಇತ್ತು ಅಂತ ತೀರ್ಮಾನ ಆಯ್ತು. ಹರಳೆಣ್ಣೆಯ ಅದೇ ಹರಳು, ನಮ್ಮ ಬದುವಿನಲ್ಲಿ ಬೆಳೆಯುತ್ತೆ. ಕೇಳಿದ ದೊಡ್ಡಪ್ಪ "ಛತ್ರಿ ಒಯ್ದವನ ಖರೇ ಸಿಐಡಿ ನೋಡಪಾ" ಅಂದ್ರು. ಆ ಮಾತಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಈಗ ನಮ್ಮ ಸಿನಿಮಾಕ್ಕೆ ವಾಪಸ್. 1995ರಲ್ಲಿ ಉಪೇಂದ್ರ ನಿರ್ದೇಶನದ 'ಓಂ' ಬಂತು, ನಾಯಕ ಶಿವರಾಜ್‌ಕುಮಾರ್. ಅಪ್ಪನ ಕೋಟಿನೊಳಗೆ ಪಿಸ್ತೂಲು ಇತ್ತು, ಮಗನ ಕೈಯಲ್ಲಿ ಲಾಂಗು. 'ಓಂ' ಒಳ್ಳೆ ಸಿನಿಮಾ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ರೌಡಿಸಂ ಹೆಂಗೆ ಮನುಷ್ಯನನ್ನ ತಿನ್ನುತ್ತೆ ಅಂತ ಹೇಳೋ ಕಥೆ ಅದು. ಆದರೆ ನೋಡಿದವರ ತಲೆಯಲ್ಲಿ ಉಳಿದದ್ದು ಕಥೆಗಿಂತ ಜಾಸ್ತಿ ಲಾಂಗು. ಆಮೇಲೆ ಬಂದ ನೂರಾರು ಸಿನಿಮಾಗಳು ಕಥೆ ಬಿಟ್ಟು ಲಾಂಗನ್ನಷ್ಟೇ ತಗೊಂಡವು. 2022ರ 'ಕೆಜಿಎಫ್ ಚಾಪ್ಟರ್ 2' ಹೊತ್ತಿಗೆ ನಾಯಕನ ಮಷಿನ್ ಗನ್ನಿಗೆ 'ದೊಡ್ಡಮ್ಮ' ಅಂತ ಹೆಸರು. ಅದನ್ನ ಯಾವ ಅಂಗಿಯೊಳಗೆ ಮುಚ್ಚಿಡ್ತೀರಿ? ದೊಡ್ಡಪ್ಪನ ಆಟದ ನಿಯಮ ತಿರುಗಿಬಿಟ್ಟಿದೆ. ಈಗ ಕಾಣಿಸದೇ ಇದ್ರೆ ಔಟ್.

ಮೊಬೈಲು ಬಂದ ಮೇಲಂತೂ ಕೇಳಲೇಬೇಡಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಲಾಂಗ್ ಹಿಡಿದು ರೀಲ್ಸ್ ಮಾಡಿದ್ದಕ್ಕೆ ಟಿವಿ ಶೋನಿಂದ ಹೆಸರಾದ ಇಬ್ಬರನ್ನ ಪೊಲೀಸರು ಬಂಧಿಸಿದ್ದು ನೆನಪಿರಬಹುದು. ಅದು ಫೈಬರ್‌ದೋ ನಿಜವಾದದ್ದೋ ಅನ್ನೋದೇ ದಿನಗಟ್ಟಲೆ ಸುದ್ದಿ ಆಯ್ತು.

ಈಗ ನಮ್ಮ ಮನೆ ಪ್ರಕರಣ. ಸಣ್ಣ ಕಾಕಾನ ಮಗ, ನನಗೆ ತಮ್ಮ. ಹೆಸರು ಬೇಡ. ಅಗ್ನಿವೀರ್ ಭರ್ತಿಗೆ ಎರಡು ವರ್ಷದಿಂದ ಓಡ್ತಿದಾನೆ, ಬೆಳಗಿನ ಐದಕ್ಕೆ ಎದ್ದು 1,600 ಮೀಟರ್. ಅವನ ವಾಲ್‌ಪೇಪರ್ ಏನು ಅಂತ ಹೇಳೋದೇ ಬೇಡ. ಹುಟ್ಟುಹಬ್ಬದ ದಿನ ಗೆಳೆಯರು ಕೇಕ್ ತಂದರು, ಒಬ್ಬ ಎಲ್ಲೋ ಜಾತ್ರೆಯಲ್ಲಿ ಕೊಂಡ ತಲವಾರು ತಂದ. ಅದರಲ್ಲೇ ಕೇಕ್ ಕತ್ತರಿಸಿದರು, ವಿಡಿಯೋ ಮಾಡಿದರು, ಸಿನಿಮಾ ಮ್ಯೂಸಿಕ್ ಹಾಕಿ ಬಿಟ್ಟರು. ಮೂರನೇ ದಿನ ಠಾಣೆಯಿಂದ ಫೋನ್ ಬಂತು.

ಕಾಕಾ ಊರಲ್ಲಿ ಇರಲಿಲ್ಲ, ದೊಡ್ಡಪ್ಪ ಮತ್ತು ನಾನು ಹೋದ್ವಿ. ಪಂಚನಾಮೆ ಬರೆಯುವಾಗ ಟೇಪು ಹಿಡಿದು ತಲವಾರು ಅಳೆದರು. ಅಲಗು 29 ಇಂಚು. ನಾನಾಗ ಫೇರ್‌ಬೇರ್ನ್-ಸೈಕ್ಸ್ ಬಗ್ಗೆ ಓದ್ತಿದ್ದೆ ನೋಡಿ. ಕಮಾಂಡೋಗೆ 7 ಇಂಚು ಸಾಕಾಯ್ತು, ಒಂದು ಕಿಲೋ ಕೇಕಿಗೆ 29. ತಲವಾರಿಗೆ ಹರಿತವೂ ಇರಲಿಲ್ಲ, ಕ್ರೀಮು ಇನ್ನೂ ಹಿಡಿಕೆಯ ಸಂದಿಯಲ್ಲಿ ಒಣಗಿತ್ತು.

"ನಮ್ಮ ಶೆಡ್ಡಿನಾಗ ಕಬ್ಬು ಕಡಿಯೋ ಕೊಯ್ತಾ ಇದಕ್ಕಿಂತ ಹರಿತ ಅದಾವಲ್ರೀ ಸಾಹೇಬ್ರ, ಅವಕ್ಕ ಕೇಸಿಲ್ಲೇನು?" ಅಂತ ದೊಡ್ಡಪ್ಪ ಕೇಳೇಬಿಟ್ರು. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಕಾನೂನಲ್ಲೇ ಇದೆ. ಶಸ್ತ್ರಾಸ್ತ್ರ ಕಾಯ್ದೆ 1959ರದ್ದು, ಈಗಿನ ನಿಯಮ 2016ರವು. ಕತ್ತಿ, ಕಠಾರಿ, ಭರ್ಚಿ ಮತ್ತು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಚಾಕು ಮುಂತಾದವು ಆಯುಧದ ಪಟ್ಟಿಯಲ್ಲಿವೆ. ಮನೆಗೆಲಸ, ಕೃಷಿ, ವಿಜ್ಞಾನ, ಉದ್ಯಮಕ್ಕೆ ಅಂತ ಮಾಡಿದವು ಮಾತ್ರ ಹೊರಗೆ. ಅಂದ್ರೆ ಉದ್ದ ಎಷ್ಟು ಅನ್ನೋದರ ಜೊತೆ, ಯಾತಕ್ಕೆ ಮಾಡಿದ್ದು ಅಂತಲೂ ಕಾನೂನು ಕೇಳುತ್ತೆ. ಅಕೌಂಟ್ಸ್ ಓದಿದವರಿಗೆ ಇದು ಗೊತ್ತು. ಅದೇ ಫ್ರಿಜ್ಜು ಅಂಗಡಿಯಲ್ಲಿ ಮಾರೋಕೆ ಇಟ್ಟರೆ ಸ್ಟಾಕು, ಮೊಸರು ಇಡೋಕೆ ಬಳಸಿದ್ರೆ ಆಸ್ತಿ. ಕೊಯ್ತಾಕ್ಕೆ ಕೆಲಸ ಇದೆ. ತಲವಾರಿಗೆ ಆ ರಾತ್ರಿ ಇದ್ದದ್ದು ಒಂದೇ ಕೆಲಸ, ಕಾಣಿಸೋದು. ಹಂಗಂತ ಕೊಯ್ತಾ ಹಿಡಿದು ರೀಲ್ಸ್ ಮಾಡಿದ್ರೆ ಬಚಾವ್ ಅಂತ ತಿಳ್ಕೋಬ್ಯಾಡ್ರಿ, ಹೆದರಿಸಿದ್ದಕ್ಕೆ ಬೇರೆ ಕಲಂ ಇದಾವೆ.

ಠಾಣೆಯವರು ಕೆಟ್ಟದಾಗಿ ನಡ್ಕೊಳ್ಳಲಿಲ್ಲ, ಅದನ್ನ ಹೇಳಲೇಬೇಕು. ಒಬ್ಬರು ಚಹಾ ಕೊಟ್ಟರು, "ನನ್ನ ಮಗನೂ ಇದ ವಯಸ್ಸು" ಅಂದ್ರು. ಆದರೆ ಎಫ್‌ಐಆರ್ ಆಯ್ತು. ಭರ್ತಿಯಾದ ಮೇಲೆ ಪೊಲೀಸ್ ವೆರಿಫಿಕೇಷನ್ ಇರುತ್ತೆ, ಕೇಸು ಬಾಕಿ ಇದ್ರೆ ಏನಾಗುತ್ತೆ ಅಂತ ಬೈಕಲ್ಲಿ ಬರುವಾಗ ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಒಂದು ರಾತ್ರಿ ಅವನು ನನ್ನ ರೂಮಿಗೆ ಬಂದ. ನಾನು ಇದೇ ಸಂಚಿಕೆ ಬರೀತಿದ್ದೆ, ಲ್ಯಾಪ್‌ಟಾಪಲ್ಲಿ ಶಾನ್ ಕಾನರಿ ಆ ಏರ್ ಪಿಸ್ತೂಲು ಹಿಡ್ಕೊಂಡು ನಿಂತಿದ್ದ. "ಅಣ್ಣಾ, ಅದು ಖರೇ ಪಿಸ್ತೂಲ ಅಲ್ಲಂತಿ, ಮತ್ತ ಅವಂಗ ಏನೂ ಆಗಲಿಲ್ಲಲ್ಲ?" ಅಂದ. "ಅವ ಫೋಟೋ ತೆಗಿಸ್ಕೊಂಡು ಪಿಸ್ತೂಲ ವಾಪಸ್ ಕೊಟ್ಟ ಮನಿಗೆ ಹೋದಪಾ. ಅವನ ಕೆಲಸನ ಅದು" ಅಂದೆ. ಸುಮ್ಮನೆ ಕೂತ. ಸ್ವಲ್ಪ ಹೊತ್ತಾದ ಮೇಲೆ ಮೊಬೈಲಲ್ಲಿ ಒಂದು ಫಾರ್ಮ್ ತೋರಿಸಿದ. "ನಿಮ್ಮ ಮೇಲೆ ಯಾವುದಾದರೂ ಪ್ರಕರಣ ಬಾಕಿ ಇದೆಯೇ ಅಂತ ಕೇಳ್ಯಾರ. ಇಲ್ಲಿ ಏನ್ ಬರೀಲಿ ಅಣ್ಣಾ?"

ಖರೇ ಬರಿ ಅಂದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ರೆ ಅದೇ ಇನ್ನೊಂದು ತಪ್ಪಾಗುತ್ತೆ ಅಂತ ವಕೀಲರೂ ಹೇಳಿದಾರೆ. ಮುಂದಿನ ತಾರೀಖು ಇನ್ನೂ ಆರು ವಾರಕ್ಕೆ ಇದೆ, ಭರ್ತಿಯ ವಯಸ್ಸಿನ ಮಿತಿಯೂ ಹತ್ತಿರ ಬರ್ತಿದೆ. ತಲವಾರು ಠಾಣೆಯಲ್ಲಿದೆ. ಅವನು ಇವತ್ತೂ ಐದಕ್ಕೆ ಎದ್ದು ಓಡೋಕೆ ಹೋಗಿದ್ದ. ಬಂದವನೇ ಚಹಾ ಕುಡಿದು ಕೊಯ್ತಾ ತಗೊಂಡು ಹೊಲಕ್ಕೆ ಹೋದ, ನಮ್ಮ ಕಬ್ಬಿಗೆ ಕಟಾವಿನ ಪಾಳಿ ಬಂದಿದೆ.

ಕೇಳುಗರಲ್ಲಿ ಯಾರಾದ್ರೂ ವಕೀಲರಿದ್ರೆ, ಅಥವಾ ಇಂಥದ್ದೇ ಕೇಸು ಮುಗಿಸ್ಕೊಂಡು ಸೇನೆಗೋ ಪೊಲೀಸಿಗೋ ಸೇರಿದವರಿದ್ರೆ, ಹೆಂಗಾಯ್ತು, ಎಷ್ಟು ದಿನ ಹಿಡೀತು ಅಂತ ದಯವಿಟ್ಟು ಮೆಸೇಜ್ ಮಾಡಿ. ಹೆಸರು ಓದಲ್ಲ.