ಮೂಗು ಬಲ್ಲ ರುಚಿ

ವ್ಹಿಸ್ಕಿಯ ರುಚಿ ನೋಡುವ ಬಗೆಯನ್ನು ಕುಂದಾಪುರದಲ್ಲಿ ನಿಂತು ಹೇಳುತ್ತೇನೆಂದರೆ ಕೆಲವರಿಗೆ ನಗು, ಕೆಲವರಿಗೆ ಮುಜುಗರ. ಇದು ಕುಡಿತದ ಮಾತಲ್ಲ, ಮೂಗಿನ ಮಾತು. ಪೀಪಾಯಿ ಪರೀಕ್ಷಿಸುವ ಪರಿಣತರು ಬಹುಪಾಲು ಮೂಸಿಯೇ ತೀರ್ಮಾನಿಸುತ್ತಾರೆ; ಬಾಯಿಗೆ ಹಾಕಿಕೊಂಡರೂ ಉಗುಳುತ್ತಾರೆ.

ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಕಾರ್ಖಾನೆಯಲ್ಲಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿದ್ದು ಸಿಂಗಲ್ ಮಾಲ್ಟ್. ಸ್ಕಾಟ್ಲೆಂಡಿನ ಕಾಯಿದೆಯಂತೆ ಅದು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಹೈಲ್ಯಾಂಡ್ ಎಂಬುದು ಅಲ್ಲಿಯ ಬೆಟ್ಟನಾಡು. ಎಷ್ಟು ವಿಶಾಲವೆಂದರೆ, 'ಹೈಲ್ಯಾಂಡಿನ ರುಚಿ ಇಂಥದ್ದು' ಎನ್ನುವವರನ್ನು ನಾನಂತೂ ನಂಬಲಾರೆ.

ಬಾಯಿ ಕಿರಿದಾದ ಗ್ಲಾಸಿನಲ್ಲಿ ಸ್ವಲ್ಪ ಹಾಕಿ, ಬಾಯಿ ತುಸು ತೆರೆದುಕೊಂಡು ಮೂಸಬೇಕು. ಮದ್ಯಸಾರದ ಘಾಟು ಮೂಗನ್ನು ಮಂಕಾಗಿಸುವುದರಿಂದ ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸುತ್ತಾರೆ. ವೆನಿಲ್ಲಾದ ವಾಸನೆ ಬಂದರೆ ಅದು ಓಕ್ ಮರದ್ದು. ಹೊಗೆ ಬಂದರೆ ಬಾರ್ಲಿಯನ್ನು ಪೀಟ್ ಎಂಬ ಜೌಗುನೆಲದ ಇಂಧನ ಉರಿಸಿ ಒಣಗಿಸಿದ್ದು. ಬಾಳೆಹಣ್ಣಿನ ವಾಸನೆ ಎಂದರೆ ಬರಿಯ ಉಪಮೆಯಲ್ಲ. ಬಾಳೆಹಣ್ಣಿಗೆ ಆ ಪರಿಮಳ ಕೊಡುವ ವಸ್ತುವೇ ಹುದುಗುವಾಗ ಮಾಲ್ಟಿನಲ್ಲೂ ಹುಟ್ಟುತ್ತದೆ. ನುಂಗಿದ ಮೇಲೆ ಗಂಟಲಲ್ಲಿ ಎಷ್ಟು ಹೊತ್ತು ಏನು ಉಳಿಯಿತು ಎಂಬುದು ಕೊನೆಯ ಪರೀಕ್ಷೆ.

ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತೆ! ಜಿಮ್ ಮರ್ರೆಯ 'ವ್ಹಿಸ್ಕಿ ಬೈಬಲ್' 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್‌ಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿರಿಸಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2 ಆವಿಯಾದರೆ ಬೆಂಗಳೂರಿನ ಬಿಸಿಗೆ ಶೇಕಡಾ 10ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಹೋಗುತ್ತದೆ. ಆದ್ದರಿಂದ ಇಲ್ಲಿ ಮಾಲ್ಟ್ ಬೇಗ ಹದಕ್ಕೆ ಬರುತ್ತದೆ. ಬಾಟಲಿಯ ಮೇಲಿನ ವಯಸ್ಸು ನೋಡಿ ಬೆಲೆ ಕಟ್ಟುವವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಊರಿನ ಮೂಗು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ತೆಂಗಿನ ತೋಟಗಳಲ್ಲಿ ಮೂರ್ತೆದಾರ ಬಲ್ಲದ್ದೇನು ಕಡಿಮೆಯೆ? ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಹದವಾಗಿ ಬಡಿದು, ತುದಿಯನ್ನು ದಿನವೂ ತೆಳ್ಳಗೆ ಕೊಯ್ದು ಅವನು ರಸ ಇಳಿಸುತ್ತಾನೆ. ಮಡಕೆಗೆ ಸುಣ್ಣ ಸವರಿದರೆ ರಸ ಸಿಹಿಯಾಗಿಯೇ ಇರುತ್ತದೆ. ಇಲ್ಲದಿದ್ದರೆ ಗಾಳಿಯ, ಮಡಕೆಯ ಯೀಸ್ಟು ಮರದ ಮೇಲೆಯೇ ಕೆಲಸ ಶುರು ಮಾಡುತ್ತದೆ. ವ್ಹಿಸ್ಕಿಗೆ ವರ್ಷಗಳ ಲೆಕ್ಕ, ಕಳ್ಳಿಗೆ ಗಂಟೆಗಳದು. ಬೆಳಗಿನ ಸಿಹಿ ಸಂಜೆಗಿಲ್ಲ, ಮರುದಿನಕ್ಕೆ 'ಹುಳಿ ಬಂತ್', ಇನ್ನೂ ಇಟ್ಟರೆ ವಿನೆಗರ್. ಸನ್ನಕ್ಕೆ ಹಿಟ್ಟು ಕಲಸುವ ಕ್ರೈಸ್ತ ಮನೆಗಳ ಹೆಂಗಸರಿಗೆ ಬೇಕಾದದ್ದು ನಡುವಿನ ಹದ: ನೊರೆ ಏಳಬೇಕು, ಹುಳಿ ಏರಿರಬಾರದು. ಮಡಕೆ ಸರಿಯಾಗಿ ತೊಳೆದಿಲ್ಲ, ನೀರು ಸೇರಿದೆ ಎಂಬುದನ್ನೂ ಪಳಗಿದ ಮೂಗು ಹೇಳಿಬಿಡುತ್ತದೆ.

ಸ್ಕಾಟ್ಲೆಂಡಿನವರ ಮೂಗಿಗೆ ಪುಸ್ತಕವಿದೆ, ಪದಕೋಶವಿದೆ, ಸಂಬಳವಿದೆ. ಇಲ್ಲಿಯದನ್ನು ಜಾತಿಯ ಕಸುಬೆಂದು ಬದಿಗಿಟ್ಟೆವು. ಮರ ಹತ್ತುವವರ ಮಕ್ಕಳು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಹೋದರು; ಬಿದ್ದರೆ ಸೊಂಟ ಮುರಿಯುವ ಕೆಲಸ ಬಿಟ್ಟದ್ದಕ್ಕೆ ಅವರನ್ನು ದೂರುವಂತಿಲ್ಲ. ಆದರೆ ಹದಗಳ ಹೆಸರುಗಳು ಇನ್ನೂ ಕೆಲವು ಹಿರಿಯರ ಬಾಯಲ್ಲಿವೆ. ನೋಟ್‌ಬುಕ್ ಹಿಡಿದು ಹೋಗುವವರು ಬೆಳಗ್ಗೆ, ಮಡಕೆ ಇಳಿಯುವ ಹೊತ್ತಿಗೆ ಹೋಗಬೇಕು.