ಡಿಸೆಂಬರಿನ ಕನ್ನಡ ತರಗತಿ

(ಸಂಘದ ಸಂಸ್ಥಾಪನಾ ದಿನದಂದು ಕನ್ನಡ ತರಗತಿಯ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



 ಪಾಠ ಹೇಳುವ ನಾವು ಯಾರೂ ತರಬೇತಿ ಪಡೆದ ಉಪಾಧ್ಯಾಯರಲ್ಲ. ವಾರವೆಲ್ಲ ಆಸ್ಪತ್ರೆ, ಆಫೀಸು ಎಂದು ದುಡಿದು ಭಾನುವಾರ ಬಳಪ ಹಿಡಿಯುವ ತಂದೆತಾಯಿಗಳು. ಆದ್ದರಿಂದ ನಮ್ಮ ಸೋಲಿನಿಂದಲೇ ಮಾತು ಆರಂಭಿಸುತ್ತೇವೆ.

ಡಿಸೆಂಬರ್ ಬಂತೆಂದರೆ ನಮ್ಮ ತರಗತಿ ಬಿಕೋ ಎನ್ನುತ್ತಿತ್ತು. ಈ ಬ್ರಿಟನ್ನಿನಲ್ಲಿ ಆಗ ಸಂಜೆ ನಾಲ್ಕಕ್ಕೇ ಕತ್ತಲು, ಕೊರೆಯುವ ಚಳಿ. ಮಕ್ಕಳ ಮನಸ್ಸೆಲ್ಲ ಶಾಲೆಯ ನಾಟಕ, ಉಡುಗೊರೆಗಳ ಮೇಲೆ. ನಾವೋ ಕಾಗುಣಿತ ತಿದ್ದಿಸುತ್ತಾ ಕೂತಿದ್ದೆವು. ಒಬ್ಬ ಹುಡುಗ ಕೇಳಿಯೇಬಿಟ್ಟ: "ಆಂಟಿ, ಸ್ಕೂಲಲ್ಲೇ ಆಟ ಆಡಿಸ್ತಾರೆ, ಇಲ್ಲಿ ಮಾತ್ರ ಯಾಕೆ ಬರೀ ಪಾಠ?" ನಮ್ಮಲ್ಲಿ ಉತ್ತರವಿರಲಿಲ್ಲ. ಡಿಸೆಂಬರಿನಲ್ಲಿ ತರಗತಿ ಮುಚ್ಚಿಬಿಡೋಣ ಎಂದೂ ಮಾತಾಡಿಕೊಂಡೆವು. ಆದರೆ ಒಮ್ಮೆ ಬಿಟ್ಟ ಮಕ್ಕಳು ಜನವರಿಯಲ್ಲಿ ಮರಳಿ ಬರುವರೆಂಬ ಧೈರ್ಯವಿರಲಿಲ್ಲ.

ಆಗ ಶಾಲೆಯಲ್ಲಿ ಏನು ನಡೆಯುತ್ತದೆಂದು ಮಕ್ಕಳನ್ನೇ ವಿಚಾರಿಸಿದೆವು. ಗೋಡೆಯ ಮೇಲೆ 24 ಪುಟ್ಟ ಬಾಗಿಲುಗಳ ಅಡ್ವೆಂಟ್ ಕ್ಯಾಲೆಂಡರ್. ದಿನಕ್ಕೊಂದು ಬಾಗಿಲು ತೆರೆದರೆ ಒಳಗೊಂದು ಸವಾಲು. ಪಾಠ ನಿಂತಿರಲಿಲ್ಲ, ವೇಷ ಬದಲಿಸಿತ್ತು ಅಷ್ಟೆ. ನಾವೂ ಮೂರು ಭಾನುವಾರಗಳಿಗೆ ಮೂರು ಬಾಗಿಲು ಮಾಡಿದೆವು.

ಮೊದಲನೆಯದು ಲೆಕ್ಕ. 'ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್' ಹಾಡು ಇಲ್ಲಿನ ಎಲ್ಲ ಮಕ್ಕಳಿಗೂ ಬಾಯಿಪಾಠ. ಮೊದಲ ದಿನ ಒಂದು ಉಡುಗೊರೆ, ಎರಡನೆಯ ದಿನ ಎರಡು ಹೊಸತು ಮತ್ತು ಹಿಂದಿನದೊಂದು, ಹೀಗೆ ಹನ್ನೆರಡು ದಿನ. ಒಟ್ಟು ಎಷ್ಟು? ಷರತ್ತು ಒಂದೇ: ಎಣಿಕೆಯೆಲ್ಲ ಕನ್ನಡದಲ್ಲಿ. ಉತ್ತರ 364, ವರ್ಷಕ್ಕೆ ಒಂದೇ ಒಂದು ಕಡಿಮೆ! ಇಪ್ಪತ್ತರಾಚೆ ತಡವರಿಸುತ್ತಿದ್ದ ಮಕ್ಕಳು ಮುನ್ನೂರ ಅರವತ್ತನಾಲ್ಕು ಎಂದು ಕೂಗಿದ್ದನ್ನು ನಾವು ಮರೆಯಲಾರೆವು. ಆದರೆ ಮೊದಲು ಹೇಳಿದವರಿಗೆ ಬಹುಮಾನವಿಟ್ಟು ತಪ್ಪು ಮಾಡಿದೆವು. ಚಿಕ್ಕ ಹುಡುಗಿಯೊಬ್ಬಳು ಅಳುತ್ತಾ ಮನೆಗೆ ಹೋದಳು. ಮುಂದಿನ ವಾರದಿಂದ ದೊಡ್ಡವರು ಚಿಕ್ಕವರು ಸೇರಿದ ಗುಂಪುಗಳನ್ನು ಮಾಡಿದೆವು.

ಎರಡನೆಯದು ಹಿಮದ ಹೂವು. ಕಾಗದ ಮಡಚಿ ಕತ್ತರಿಸಿ ಹಿಮದ ಹೂವು ಮಾಡುವುದು ಶಾಲೆಯಲ್ಲಿ ಕಲಿತದ್ದೇ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲಿ ನಿಲ್ಲುವುದರಿಂದ ಹಿಮದ ಹೂವಿಗೆ ಆರೇ ಎಸಳು. ಅದನ್ನು ಚುಕ್ಕಿ ರಂಗೋಲಿಯಲ್ಲಿ ಬಿಡಿಸಿ ಎಂದೆವು. ನಡುಸಾಲಿನಲ್ಲಿ ಏಳು ಚುಕ್ಕಿ. ಮೇಲೂ ಕೆಳಗೂ ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಆರು, ಐದು, ನಾಲ್ಕು. ಒಟ್ಟು 37 ಚುಕ್ಕಿ, ಸರಿಯಾಗಿ ಆರು ಮೂಲೆ! ನಮ್ಮ ಅಮ್ಮಂದಿರು ಬಾಗಿಲಿಗೆ ಹಾಕುತ್ತಿದ್ದ ರಂಗೋಲಿಯಲ್ಲಿ ಈ ಲೆಕ್ಕ ಇತ್ತೆಂದು ನಮಗೂ ಅಂದೇ ತಿಳಿದದ್ದು.

ಮೂರನೆಯದು ಕ್ರ್ಯಾಕರ್. 1840ರ ದಶಕದಲ್ಲಿ ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ ಶುರುಮಾಡಿದ ಈ ಕಾಗದದ ಕೊಳವೆಯನ್ನು ಇಬ್ಬರು ಎರಡು ತುದಿ ಹಿಡಿದು ಎಳೆಯುತ್ತಾರೆ. ಒಳಗೆ ಕಾಗದದ ಕಿರೀಟ, ಒಂದು ನಗೆಹನಿ. ನಮ್ಮ ಮಕ್ಕಳು ಒಳಗೆ ತಾವೇ ಕಟ್ಟಿದ ಕನ್ನಡ ಒಗಟು ಇಡಬೇಕಿತ್ತು. ಒಬ್ಬಳು ಬರೆದಳು: "ಆಕಾಶದಿಂದ ಬರ್ತೀನಿ, ಸದ್ದು ಮಾಡಲ್ಲ, ಕೈಲಿ ಹಿಡಿದರೆ ಅಳ್ತೀನಿ, ನಾನ್ಯಾರು?" ಹಿಮ ಎಂದು ನಿಮಗೆ ಹೊಳೆದಿರಬೇಕು.

ಕೆಲವರು ಕೇಳಿದರು, ಕನ್ನಡ ತರಗತಿಯಲ್ಲಿ ಕ್ರಿಸ್‌ಮಸ್ ಏಕೆ ಎಂದು. ಕರ್ನಾಟಕದಲ್ಲೂ ಅದು ಕನ್ನಡಿಗರ ಮನೆಯ ಹಬ್ಬವೇ. 1843ರಲ್ಲಿ ಹೆನ್ರಿ ಕೋಲ್ ಲಂಡನ್ನಿನಲ್ಲಿ ಮೊದಲ ಕ್ರಿಸ್‌ಮಸ್ ಕಾರ್ಡ್ ಅಚ್ಚು ಹಾಕಿಸಿದರು. ಅದೇ ವರ್ಷ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದವರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. ಅವರು ನಮ್ಮ ನುಡಿಯನ್ನು ಅಷ್ಟು ಪ್ರೀತಿಯಿಂದ ಕಲಿತರು. ನಮ್ಮ ಮಕ್ಕಳು ಗೆಳೆಯರ ಹಬ್ಬವನ್ನು ಕನ್ನಡದಲ್ಲಿ ಆಡಿದರೆ ನಷ್ಟವೇನು?

ಕೊನೆಯದಾಗಿ ಒಂದು ಮಾತು. ಆ ಒಗಟಿನ ಹುಡುಗಿ ಮೈಸೂರಿನ ಅಜ್ಜಿಯೊಡನೆ ಫೋನಿನಲ್ಲಿ "ಚೆನ್ನಾಗಿದ್ದೀನಿ" ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದಳಂತೆ. ಅಂದು ಒಗಟು ಕೇಳಿದಳು. ಹಿಮವನ್ನೇ ಕಾಣದ ಅಜ್ಜಿ ಸೋತು, ತಿರುಗಿ ತಮ್ಮದೊಂದು ಒಗಟು ಹಾಕಿದರು. ಅರ್ಧ ಗಂಟೆ ಮಾತು ಮುಗಿಯಲಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಮಕ್ಕಳಿಗೆ ಕನ್ನಡದಲ್ಲಿ ಹೇಳಲೇಬೇಕೆನಿಸುವ ಒಂದು ಸಂಗತಿ.

ಪೋಷಕರಲ್ಲಿ ವಿನಂತಿ: ಈ ಡಿಸೆಂಬರಿನಲ್ಲಿ ಮನೆಯಲ್ಲೂ ದಿನಕ್ಕೊಂದು ಬಾಗಿಲು ತೆರೆಯಿರಿ. ಭಾನುವಾರ ಮಕ್ಕಳನ್ನು ತಪ್ಪದೆ ಕಳಿಸಿ. ಬಿಡುವಿದ್ದರೆ ನೀವೂ ಬನ್ನಿ, ಕತ್ತರಿ ಹಿಡಿಯುವ ಕೈಗಳು ಸದಾ ಬೇಕು.