ತಿರುವು ಬರುವ ಮುನ್ನವೇ ಹೇಳಿ, ಓದುವಂತೆ ಹೇಳಿ!

ಕನ್ನಡದ ಯುವಕ ಯುವತಿಯರೇ,

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನೀವೂ ಹೋಗಿರುತ್ತೀರಿ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 28 ಮೀಟರ್. ಫಲಕ ಓದಲು ನಾಲ್ಕು ಸೆಕೆಂಡು ಹಿಡಿದರೆ ಕಾರು ನೂರು ಮೀಟರ್ ದಾಟಿರುತ್ತದೆ! ತಿರುವಿನ ಬುಡದಲ್ಲೇ ಫಲಕ ನೆಟ್ಟರೆ ಏನು ಬಂತು? ದಾರಿ ತಪ್ಪಿದವನು ಗಕ್ಕನೆ ಬ್ರೇಕ್ ಹಾಕುತ್ತಾನೆ, ಇಲ್ಲವೇ ರಿವರ್ಸ್ ಬರುತ್ತಾನೆ. ಹಿಂದೆ ಬರುವ ಲಾರಿಯವನ ಗತಿ?

ಎರಡು ಕಿಲೋಮೀಟರ್ ಮೊದಲೇ ಹೇಳಿದರೆ 72 ಸೆಕೆಂಡು ಸಿಗುತ್ತದೆ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನವಾಗಿ ಎಡಕ್ಕೆ ಬರಬಹುದು. ಒಂದು ಕಿಲೋಮೀಟರಿಗೆ ಮತ್ತೊಮ್ಮೆ, ಅರ್ಧ ಕಿಲೋಮೀಟರಿಗೆ ಇನ್ನೊಮ್ಮೆ ಹೇಳಲಿ.

ಪ್ರೆಸ್ ನಡೆಸುವವನು ನಾನು, ಅಕ್ಷರದ ಅಳತೆ ಬಲ್ಲೆ. ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ: ಎಲ್ಲದರಲ್ಲೂ ಒತ್ತಕ್ಷರ. ಒತ್ತು ಕೆಳಗಿಳಿಯುತ್ತದೆ, ಸಾಲಿಗೆ ಹೆಚ್ಚು ಜಾಗ ಬೇಕು. ಇಂಗ್ಲಿಷಿನ ಅಳತೆಗೆ ಕನ್ನಡವನ್ನು ಅದುಮಿದರೆ ಒತ್ತು ಬರೀ ಮಸಿಚುಕ್ಕೆ! ಕನ್ನಡ ಮಾತ್ರ ಬಲ್ಲ ಚಾಲಕನಿಗೆ ಆ ಫಲಕ ಇದ್ದೂ ಇಲ್ಲದಂತೆ.

ಮುಂದಿನ ಸಲ ಹೋಗುವಾಗ, ಪಕ್ಕದ ಸೀಟಿನಲ್ಲಿ ಕೂತವರು ಪ್ರತಿ ತಿರುವಿನ ಫಲಕಗಳನ್ನು ಎಣಿಸಿ ಬರೆದುಕೊಳ್ಳಿ. ಕೊರತೆ ಕಂಡರೆ ಹೆದ್ದಾರಿ ಪ್ರಾಧಿಕಾರಕ್ಕೆ ಕನ್ನಡದಲ್ಲೇ ಅರ್ಜಿ ಹಾಕಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಇದು ಭಾಷೆಯ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ!